ಹದಿನೈದು ದಿನದ ಎಣ್ಣೆ

ಕಸಿ ಕಟ್ಟುವುದು ಒಬ್ಬರ ಕೆಲಸವಲ್ಲ. ಒಬ್ಬರು ಕೊಯ್ಯಬೇಕು, ಒಬ್ಬರು ಕಟ್ಟಬೇಕು.

ಕುಂಬ್ರ ಪೇಟೆಯಿಂದ ಸ್ವಲ್ಪ ಒಳಗೆ ಹಕೀಮ್ ಹಾಜಿಯವರ ನರ್ಸರಿ. ಅಲ್ಲಿ ಮೇಲೆ ಕಟ್ಟಿದ ಹಸಿರು ನೆಟ್ಟಿನ ನೆರಳಲ್ಲಿ ಎದುರುಬದುರಾಗಿ ಎರಡು ಮಣೆ. ಒಂದರ ಮೇಲೆ ಆಲಂಕಾರಿನ ತೀರ್ಥರಾಮ, ಇನ್ನೊಂದರ ಮೇಲೆ ಕಲ್ಲುಗುಂಡಿಯ ಕುಮುದಿನಿ. ನಡುವೆ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಬೆಳೆದ ಗೇರು ಸಸಿಗಳ ಸಾಲು. ಅವನು ಸಸಿಯ ತುದಿ ತೆಗೆದು, ಕಾಂಡವನ್ನು ನಡುವೆ ಸೀಳಿ, ತಾನೇ ಮರ ಹತ್ತಿ ಕೊಯ್ದು ತಂದ ಒಳ್ಳೆ ತಳಿಯ ಕಡ್ಡಿಯ ಬುಡವನ್ನು ಎರಡು ಕಡೆ ಹೆರೆದು ಆ ಸೀಳಿನೊಳಗೆ ಇಳಿಸುತ್ತಾನೆ. ಅವನು ಹಿಡಿದಿರುವಾಗಲೇ ಅವಳು ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಅವನ ಬೆರಳು ಬಿಡುವ ಹೊತ್ತಿಗೆ ಅವಳ ಬೆರಳು ಬಂದಿರಬೇಕು. ನಡುವೆ ಒಂದಿಷ್ಟು ಗಾಳಿ ಹೊಕ್ಕರೂ ಕಡ್ಡಿ ಬಾಡಿತು ಎಂದೇ ಲೆಕ್ಕ.

ದಿನಕ್ಕೆ ಮುನ್ನೂರು ಗಿಡ. ಹೀಗೆ ಎರಡು ಹಂಗಾಮು ಕಳೆದವು. ಅಷ್ಟು ಸಲ ಬೆರಳಿಗೆ ಬೆರಳು ತಾಗಿದ ಮೇಲೆ ಒಂದು ದಿನ ತೀರ್ಥರಾಮ ತನ್ನ ಮಾವನನ್ನು ಕಲ್ಲುಗುಂಡಿಗೆ ಕಳಿಸಿದ. ಇಬ್ಬರೂ ಗೌಡರೇ, ಬಳಿ ಅಂದರೆ ಗೋತ್ರ ಬೇರೆ ಬೇರೆ, ಅಡ್ಡಿ ಏನೂ ಇರಲಿಲ್ಲ. ಶಿವರಾತ್ರಿ ಕಳೆದು ವೀಳ್ಯ ಬದಲಾಯಿತು. ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಮದುವೆ.

ನಿಶ್ಚಯವಾದದ್ದೇ ಒಂದು ತೊಂದರೆಯೂ ಆಯಿತು. ಎರಡು ವರ್ಷ ಅವಳು ಅವನನ್ನು 'ತೀರ್ಥಣ್ಣ' ಎಂದು ಕರೆದಿದ್ದಳು. ಇನ್ನು ಅಣ್ಣ ಎನ್ನುವ ಹಾಗಿಲ್ಲ.

"ಈಗ ಎಂತ ಕರೀತೀರಿ ನನ್ನನ್ನು?" ಎಂದು ಅವನು ದಿನಕ್ಕೊಮ್ಮೆ ಕೇಳುತ್ತಿದ್ದ.

"ಕರೀದೆಯೂ ಕೆಲಸ ಆಗ್ತಾ ಉಂಟಲ್ಲ" ಎಂದು ಅವಳು ಪಟ್ಟಿ ಬಿಗಿಯುತ್ತಿದ್ದಳು.

ಅವನು ನಗುತ್ತಿದ್ದ. ನಗುವಾಗ ಅವನ ಕಣ್ಣು ಮೊದಲು ಕಡ್ಡಿಯ ಮೇಲೆ, ಆಮೇಲೆ ಅವಳ ಬೆರಳ ಮೇಲೆ, ಆಮೇಲೆ ಮೆಲ್ಲ ಅವಳ ಮುಖದ ಮೇಲೆ. ಮೆಟ್ಟಿಲು ಹತ್ತುವವರ ಹಾಗೆ. ಅವಳು ಅದನ್ನು ನೋಡುತ್ತಿದ್ದಳು. ನೋಡಿ, ಇದಕ್ಕೆ ತನಗೆ ಸಂತೋಷವಾಗಬೇಕು ಎಂದು ತಿಳಿಯುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳ ಊಟದ ಚೀಲದಿಂದ ಚೀಟಿಯೊಂದು ಜಾರಿ ತೊಟ್ಟೆಗಳ ನಡುವೆ ಬಿತ್ತು. ತೀರ್ಥರಾಮ ಹೆಕ್ಕಿ, ಶಾಲೆಯ ಮಕ್ಕಳ ಹಾಗೆ ಜೋರಾಗಿ ಓದಿದ.

"ಹದಿನೈದು ದಿನ ಬೆಳಿಗ್ಗೆ ಸಂಜೆ ತೆಂಗಿನೆಣ್ಣೆ. ದಿನಕ್ಕೆ ಮೂರು ಲೀಟರ್ ನೀರು. ಬಿಸಿಲಿಗೆ ಕೈ ತೋರಿಸಬಾರದು. ಗಾಯ, ಗೀರು ಆಗಬಾರದು. ಹಿಂದಿನ ದಿನ ಚೆನ್ನಾಗಿ ನಿದ್ದೆ. ಖಾಲಿ ಹೊಟ್ಟೆಯಲ್ಲಿ ಬರಬಾರದು... ಇದೆಂತ ಕುಮುದಿನಿ? ಡಾಕ್ಟರ ಚೀಟಿಯಾ, ಬ್ಯೂಟಿ ಪಾರ್ಲರಿನದ್ದಾ?"

"ಟ್ಯಾಟೂದ್ದು."

ಚೂರಿ ಅವನ ಕೈಯಲ್ಲಿ ಅರ್ಧಕ್ಕೇ ನಿಂತಿತು. "ಹಚ್ಚೆಯಾ? ನಿಮಗಾ? ಮಾತಾಡ್ಲಿಕ್ಕೇ ನಾಚುವವರು ನೀವು!"

"ಒಂದು ಎಲೆ. ಎಡಗೈಗೆ. ಪುತ್ತೂರಲ್ಲಿ ಚಿನ್ಮಯೀ ಅಂತ ಒಬ್ರು ಹಾಕ್ತಾರೆ."

"ಎಲೆ ಮಾತ್ರವಾ? ಎಲೆಯ ಹಿಂದೆ ಯಾರದ್ದಾದ್ರೂ ಹೆಸರು ಅಡಗಿ ಕೂತಿರುದಿಲ್ವಾ?"

"ಮರ ಹತ್ತುವವರ ಹೆಸರು ಎಲೆಯ ಹಿಂದೆ ಯಾಕೆ?" ಎಂದಳು ಕುಮುದಿನಿ. ಬಾಯಿ ತಮಾಷೆಗೆ ಉತ್ತರ ಕೊಡುತ್ತಿತ್ತು, ಮನಸ್ಸು ಎಲ್ಲೋ ದೂರ ಕುಳಿತು ಅದನ್ನು ಕೇಳುತ್ತಿತ್ತು.

ಅಂದಿನಿಂದ ಅವನಿಗೆ ಆ ಚೀಟಿಯೇ ಪಂಚಾಂಗ. ಗಂಟೆಗೊಮ್ಮೆ ನೀರಿನ ಬಾಟ್ಲಿ ಮುಂದೆ ತಳ್ಳುತ್ತಿದ್ದ. ಬಿಸಿಲು ಸರಿದಂತೆ ಅವಳ ಮಣೆಯನ್ನು ನೆರಳಿಗೆ ಸರಿಸುತ್ತಿದ್ದ. "ನೀರು ಕುಡೀರಿ ಮಾರಾಯ್ರೆ, ಎಲೆ ಬಾಡ್ತದೆ" ಎನ್ನುತ್ತಿದ್ದ. ಚಿನ್ಮಯೀ ಕೊಟ್ಟ ದಿನ ಷಷ್ಠಿಯಾಗಿತ್ತು. ಕುಮುದಿನಿಗೆ ಅಂದು ಸುಬ್ರಹ್ಮಣ್ಯ ದೇವರ ಉಪವಾಸ, ಹೊಟ್ಟೆ ಖಾಲಿ ಇರಬೇಕು. ಹಾಗಾಗಿ ಫೋನು ಮಾಡಿ ಮರುದಿನ ಶುಕ್ರವಾರಕ್ಕೆ ಬದಲಿಸಿಕೊಂಡಳು. ಆ ಉಪವಾಸ ಮೂರು ವರ್ಷದಿಂದ ಯಾಕೆ ನಡೆಯುತ್ತಿದೆ ಎಂದು ತೀರ್ಥರಾಮ ಕೇಳಲಿಲ್ಲ. ದೇವರ ವಿಷಯಕ್ಕೆ ಯಾರು ಕಾರಣ ಕೇಳುತ್ತಾರೆ?

ಕಾರಣ ಅವಳ ಅಂಗಿಯ ಉದ್ದ ತೋಳಿನ ಒಳಗಿತ್ತು.

ಮೂರು ವರ್ಷದ ಹಿಂದೆ ಕಲ್ಲುಗುಂಡಿಯ ಮನೆಯ ಗುಡ್ಡದಲ್ಲಿ ಗೇರುಬೀಜ ಹೆಕ್ಕುತ್ತಿದ್ದಾಗ ಅವಳ ಎಡಗೈಗೆ ಒಂದು ಕೆಂಜಿಗ ಇರುವೆ ಕಚ್ಚಿಕೊಂಡು ನೇತಾಡುತ್ತಿತ್ತು. ಪಕ್ಕದ ಮನೆಯ ಹೆಂಗಸು ನೋಡಿ ಕೂಗಿದಳು. ಕುಮುದಿನಿಗೆ ಗೊತ್ತೇ ಆಗಿರಲಿಲ್ಲ. ಮೊಣಕೈಗಿಂತ ಕೆಳಗೆ, ಹಲಸಿನ ಎಲೆಯಷ್ಟು ಅಗಲಕ್ಕೆ, ಚರ್ಮ ಸ್ವಲ್ಪ ಬಿಳಚಿಕೊಂಡಿತ್ತು. ಅಲ್ಲಿ ಇರುವೆಯೂ ಇಲ್ಲ, ಬಿಸಿಯೂ ಇಲ್ಲ, ಬೆರಳೂ ಇಲ್ಲ.

ನಾಗನ ಮುನಿಸು ಎಂದರು ಹಿರಿಯರು. ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷ ಬಲಿ ಪೂಜೆ ಮಾಡಿಸಿದರು. ಅದೇ ವಾರ ಆಶಾ ಕಾರ್ಯಕರ್ತೆ ಸರಕಾರಿ ಆಸ್ಪತ್ರೆಗೂ ಕರೆದುಕೊಂಡು ಹೋದಳು. ಡಾಕ್ಟರು ಹೆಸರು ಹೇಳಿದರು. ಕುಷ್ಠ. ಊರಲ್ಲಿ ಆ ಶಬ್ದವನ್ನು ಯಾರೂ ಬಾಯಿಗೆ ತರುವುದಿಲ್ಲ, ದೊಡ್ಡ ಸೀಕು ಎನ್ನುತ್ತಾರೆ. ಆರು ತಿಂಗಳು ಮಾತ್ರೆ ನುಂಗಿದಳು. ಸೀಕು ಹೋಯಿತು. ಇನ್ನು ಯಾರಿಗೂ ಹರಡುವುದಿಲ್ಲ, ಹೆದರಬೇಡ ಎಂದು ಡಾಕ್ಟರು ಬರೆದೇ ಕೊಟ್ಟರು. ದೇವರು ಗುಣ ಮಾಡಿದನೋ ಮಾತ್ರೆ ಗುಣ ಮಾಡಿತೋ ಎಂದು ಅವಳು ಬೇರೆ ಮಾಡಿ ನೋಡಲಿಲ್ಲ. ಮಾತ್ರೆಯ ದಾರಿಯಲ್ಲೇ ದೇವರು ಬಂದಿರಬಹುದು. ಆದರೆ ಬಿಳಚಿದ ಜಾಗ ಹಾಗೇ ಉಳಿಯಿತು, ಅದರ ಜೋಮೂ ಉಳಿಯಿತು.

ಜೋಮು ಕೈಯಲ್ಲಿ ಮಾತ್ರ ಉಳಿದಿದ್ದರೆ ಸಾಕಿತ್ತು. ಆ ಆರು ತಿಂಗಳು ಮನೆಯವರು ಲೋಟ ಬೇರೆ ಇಟ್ಟರು, ಚಾಪೆ ಬೇರೆ ಹಾಕಿದರು, ಯಾರೂ ಏನೂ ಹೇಳಲಿಲ್ಲ. ಅಂದಿನಿಂದ ಸಂತೋಷವೂ ಅವಳಿಗೆ ಆ ಜಾಗಕ್ಕೆ ಬಂದ ಬೆರಳಿನ ಹಾಗೆ. ಬಂದದ್ದು ಕಾಣುತ್ತಿತ್ತು, ಮುಟ್ಟಿದ್ದು ತಿಳಿಯುತ್ತಿರಲಿಲ್ಲ.

ಈಗ ಮದುವೆ. ಮದರಂಗಿಯ ದಿನ ಹತ್ತು ಹೆಂಗಸರು ಕೈ ಹಿಡಿದು ತಿರುಗಿಸಿ ನೋಡುತ್ತಾರೆ. ಧಾರೆಯ ಹೊತ್ತಿಗೆ ಉದ್ದ ತೋಳಿನ ಅಂಗಿ ಹಾಕಲಾಗುವುದಿಲ್ಲ.

"ಗುಣ ಆದ ಸೀಕಿಗೆ ಹೆಸರು ಎಂತಕ್ಕೆ ಮಗಾ?" ಎಂದಿದ್ದರು ಅವ್ವ ಫೋನಿನಲ್ಲಿ. "ಹೇಳ್ಬೇಡ. ಮುಚ್ಚಲಿಕ್ಕೆ ದಾರಿ ನೋಡು."

ದಾರಿ ಎಂದರೆ ಹಚ್ಚೆ. ಚಿನ್ಮಯೀ ಮಾತ್ರ ಕೈ ನೋಡಿ, ಡಾಕ್ಟರ ಒಪ್ಪಿಗೆ ಚೀಟಿ ತರಿಸಿಕೊಂಡು, ಒಂದು ಪ್ರಶ್ನೆಯನ್ನೂ ಕೇಳದೆ ಎಲೆಯ ಚಿತ್ರ ಬರೆದು ತೋರಿಸಿದ್ದಳು. "ಅಲ್ಲಿ ನನಗೆ ನೋವಾಗುದಿಲ್ಲ, ಇಷ್ಟೆಲ್ಲ ಪಥ್ಯ ಯಾಕೆ?" ಎಂದು ಕುಮುದಿನಿ ಕೇಳಿದಾಗ ಆ ಹುಡುಗಿ ಹೇಳಿದ್ದು ಇಷ್ಟೇ: "ನಿಮಗೆ ಗೊತ್ತಾಗದಿದ್ರೂ ಮೈಗೆ ಗೊತ್ತಾಗ್ತದೆ ಅಕ್ಕ."

ಕುಮುದಿನಿ ಬಾಡಿಗೆಗಿದ್ದದ್ದು ಹಕೀಮ್ ಹಾಜಿಯವರ ತಾಯಿ ಆಸ್ಯಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ನಸುಕಿನ ಸುಬಹ್ ನಮಾಝ್ ಮುಗಿಸಿ ಆಸ್ಯಮ್ಮ ಒಲೆಗೆ ಬೆಂಕಿ ಹಾಕುವ ಹೊತ್ತಿಗೆ ಇವಳೂ ದೇವರ ಪಟಕ್ಕೆ ದೀಪ ಹಚ್ಚಿ ಎಣ್ಣೆಯ ಬಟ್ಟಲು ಹಿಡಿದು ಕೂರುತ್ತಿದ್ದಳು.

"ನಮ್ಮಲ್ಲಿ ಹಚ್ಚೆ ಹಾಕ್ಲಿಕ್ಕೆ ಇಲ್ಲ ಮಗಳೇ. ಪಡೆದವನು ಕೊಟ್ಟ ಚರ್ಮ, ಕೊಟ್ಟ ಹಾಗೇ ಹಿಂದೆ ಕೊಡ್ಬೇಕು" ಎಂದರು ಆಸ್ಯಮ್ಮ. ಆಮೇಲೆ ತಾವೇ ಮೆತ್ತಗಾದರು. "ಹೋಗ್ಲಿ, ನಿನ್ನ ಕೈ, ನಿನ್ನ ದೇವರು. ಎಣ್ಣೆ ಹಚ್ಚು. ಎಣ್ಣೆಗೆ ಜಾತಿ ಇಲ್ಲ."

ಕುಮುದಿನಿ ಕಣ್ಣು ಮುಚ್ಚಿ ಎಣ್ಣೆ ಹಚ್ಚುತ್ತಿದ್ದಳು. ಆ ಜಾಗವನ್ನು ನೋಡುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. ನೋಡುವ ಅಗತ್ಯವೂ ಇರಲಿಲ್ಲ. ಎಲ್ಲಿ ಕೈಗೆ ಬೆರಳಿನ ಅರಿವು ನಿಲ್ಲುತ್ತದೋ ಅಲ್ಲಿಂದ ಒಳಗೆ. ಎಲ್ಲಿ ಮತ್ತೆ ಅರಿವು ಬರುತ್ತದೋ ಅಲ್ಲಿಗೆ ಬೆರಳು ಹಿಂದೆ. ತನ್ನ ಜಮೀನಿನ ಗಡಿ ಗೊತ್ತಿದ್ದವರ ಹಾಗೆ ಒಂದು ಕೂದಲೆಳೆ ಆಚೆ ಹೋಗುತ್ತಿರಲಿಲ್ಲ.

ಹನ್ನೊಂದನೆಯ ದಿನ ತೆಂಗಿನೆಣ್ಣೆ ಮುಗಿಯಿತು.

"ಬಚ್ಚಲ ಕಿಟಕಿಯಲ್ಲಿ ಕಾಚಿದ ಎಣ್ಣೆ ಉಂಟು" ಎಂದು ಒಳಗಿಂದಲೇ ಹೇಳಿದರು ಆಸ್ಯಮ್ಮ. "ತಲೆಗೆ ಹಾಕುದು. ಸೊಪ್ಪು ಹಾಕಿ ನಾನೇ ಕಾಚಿದ್ದು. ಮೈಗೆ ಇನ್ನೂ ಒಳ್ಳೇದು."

ಕಿಟಕಿಯಲ್ಲಿ ಎರಡು ಬಾಟ್ಲಿಗಳಿದ್ದವು. ಎರಡೂ ಕಪ್ಪು, ಎರಡಕ್ಕೂ ಬಟ್ಟೆಯ ಬಿರಡೆ. ಒಂದರಲ್ಲಿ ಕಾಚಿದ ಎಣ್ಣೆ. ಇನ್ನೊಂದರಲ್ಲಿ ಆಸ್ಯಮ್ಮ ಒಡೆದ ಹಿಮ್ಮಡಿಗೆ ಹಚ್ಚುವ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಆ ಎಣ್ಣೆ ಹಿಮ್ಮಡಿಯ ದಪ್ಪ ಚರ್ಮಕ್ಕೆ ಮದ್ದು, ಬೇರೆ ಎಲ್ಲಿ ತಾಗಿದರೂ ಬೆಂಕಿ. ಕುಮುದಿನಿಯ ಕೈಗೆ ಹತ್ತಿರ ಸಿಕ್ಕಿದ್ದು ಎರಡನೆಯದು. ವಾಸನೆಯಲ್ಲಿ ತಿಳಿಯಬೇಕಿತ್ತು. ಆದರೆ ದಿನವಿಡೀ ಗೇರು ಸೊನೆಯಲ್ಲೇ ಕೆಲಸ ಮಾಡುವವಳ ಮೂಗಿಗೆ ಲೋಕವೆಲ್ಲ ಗೇರಿನದೇ ವಾಸನೆ. ಕೆಲಸದಿಂದ ಒರಟಾದ ಬೆರಳ ತುದಿಗೂ ತಕ್ಷಣ ಉರಿ ಹತ್ತಲಿಲ್ಲ. ಬೆಳಿಗ್ಗೆ ಹಚ್ಚಿದಳು. ಸಂಜೆ ಹಚ್ಚಿದಳು. ಮರುದಿನವೂ ಹಚ್ಚಿದಳು. ಗಡಿಯ ಒಳಗೆ, ಕೂದಲೆಳೆ ಆಚೆ ಹೋಗದ ಹಾಗೆ, ಶ್ರದ್ಧೆಯಿಂದ.

ಹದಿಮೂರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ತೀರ್ಥರಾಮ ಕಡ್ಡಿ ಇಳಿಸಿ ಹಿಡಿದಿದ್ದ. ಅವಳು ಪಟ್ಟಿ ಸುತ್ತಲು ಕೈ ಚಾಚಿದಳು. ಅವನು ಕಡ್ಡಿ ಬಿಟ್ಟು ಅವಳ ಮಣಿಕಟ್ಟು ಹಿಡಿದ.

"ಇದೆಂತ ತೋಳಲ್ಲಿ?"

ತೋಳಿನ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿತ್ತು. ಅಂಚಿನಲ್ಲಿ ಕಂದು ಕಲೆ. ಗೇರಿನ ಕಲೆಯನ್ನು ಗೇರಿನ ನಡುವೆ ಬೆಳೆದವನಿಗೆ ಹೇಳಿಕೊಡಬೇಕಿಲ್ಲ. ಅವಳು ಕೈ ಎಳೆದುಕೊಳ್ಳುವ ಮೊದಲೇ ಅವನು ತೋಳು ಮಡಚಿದ.

ಇಡೀ ಜಾಗ ಗುಳ್ಳೆ ಎದ್ದು ಒಡೆದಿತ್ತು. ಚರ್ಮ ಸುಲಿದು ಕೆಂಪಗೆ ಹಸಿಯಾಗಿ, ಸುತ್ತ ಕಪ್ಪು ಅಂಚು.

"ಅಯ್ಯೋ ದೇವರೇ. ಗೇರೆಣ್ಣೆ! ಗೇರೆಣ್ಣೆ ಸುಟ್ಟದ್ದು ಇದು. ಎರಡು ದಿನ ಆದ ಹಾಗೆ ಉಂಟು. ಉರೀದಿಲ್ವಾ ನಿಮಗೆ?"

ಕುಮುದಿನಿ ತನ್ನ ಕೈಯನ್ನು ನೋಡಿದಳು. ಎಷ್ಟೋ ದಿನದ ಮೇಲೆ ನೋಡಿದಳು. ಆಗ ಅವಳಿಗೆ ಒಂದು ವಿಷಯ ಸ್ಪಷ್ಟವಾಗಿ ಹೊಳೆಯಿತು. ಹಚ್ಚೆ ಮಾಡಬೇಕಾದ ಕೆಲಸವನ್ನು ಗೇರೆಣ್ಣೆ ಮಾಡಿ ಮುಗಿಸಿದೆ. ಬಿಳಚಿದ ಜಾಗ ಇನ್ನು ಕಾಣುವುದಿಲ್ಲ. ಈ ಊರುಗಳಲ್ಲಿ ಗೇರಿನ ಸುಟ್ಟ ಕಲೆ ಯಾರ ಮೈಯಲ್ಲಿಲ್ಲ? ಯಾರೂ ಎರಡನೆಯ ಸಲ ನೋಡುವುದಿಲ್ಲ. ಈಗ ಬಾಯಿಬಿಟ್ಟು 'ಉರೀತದೆ' ಎಂದು ಒಂದು ಮಾತು ಹೇಳಿದರೆ ಆಯಿತು. ಜನ್ಮಪೂರ್ತಿಗೆ ಆಯಿತು.

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅವಳ ಉರಿಯನ್ನು ಅವಳ ಬದಲು ಅವನು ಉರಿಯುತ್ತಿದ್ದ.

"ಇಲ್ಲ" ಎಂದಳು.

"ಇಲ್ಲ ಅಂದ್ರೆ?"

"ಉರೀದಿಲ್ಲ. ಅಲ್ಲಿ ನನಗೆ ಎಂತದೂ ಗೊತ್ತಾಗುದಿಲ್ಲ. ಮೂರು ವರ್ಷ ಆಯ್ತು." ಆಮೇಲೆ ಊರು ಹೇಳದ ಆ ಶಬ್ದವನ್ನು ಅವಳು ಹೇಳಿದಳು. ಮಾತ್ರೆ, ಆರು ತಿಂಗಳು, ಗುಣವಾದದ್ದು, ಎಲೆ ಯಾಕೆ ಎನ್ನುವುದು, ಎಲ್ಲವನ್ನೂ ಬಸ್ಸಿನ ಟೈಮು ಹೇಳುವವರ ದನಿಯಲ್ಲಿ ಹೇಳಿದಳು.

ಅವಳ ಮಣಿಕಟ್ಟಿನ ಮೇಲಿದ್ದ ಅವನ ಬೆರಳುಗಳು ಒಂದೊಂದಾಗಿ ಬಿಟ್ಟವು. ಕಸಿ ಕಟ್ಟುವಾಗ ಬಿಡುವ ಹಾಗೆಯೇ. ಆದರೆ ಈ ಸಲ ಕಟ್ಟಲು ಬೇರೆ ಬೆರಳು ಬಂದಿರಲಿಲ್ಲ.

ಅವನು ಎದ್ದು ಹೋಗಿ ಕೆಲಸದವರ ತೆಂಗಿನೆಣ್ಣೆಯ ಡಬ್ಬಿ ತಂದ. ಅವಳ ಪಕ್ಕದಲ್ಲಿ ನೆಲದ ಮೇಲಿಟ್ಟು "ಹಚ್ಕೊಳ್ಳಿ" ಎಂದ. ನಳ್ಳಿಯ ಹತ್ತಿರ ಹೋಗಿ ಕೈ ತೊಳೆದ. ಗೇರೆಣ್ಣೆ ಮುಟ್ಟಿದವರು ಯಾರಾದರೂ ಕೈ ತೊಳೆಯುತ್ತಾರೆ ಎಂದುಕೊಂಡಳು ಕುಮುದಿನಿ. ಅವನು ಸೋಪು ಹಾಕಿ ಇನ್ನೊಮ್ಮೆ ತೊಳೆದ. ನರ್ಸರಿಯ ಗೇಟಿನ ತನಕ ಹೋಗಿ, ಹಿಂದೆ ಬಂದು, ಮತ್ತೊಮ್ಮೆ ತೊಳೆದ.

ಅವಳು ಲೆಕ್ಕ ಇಟ್ಟಳು. ನೋವಾಗಲಿಲ್ಲ.

ಆಸ್ಯಮ್ಮ ಬಾಟ್ಲಿ ನೋಡಿ ಹಣೆ ಬಡಿದುಕೊಂಡರು. "ಕಣ್ಣು ಕಾಣದ ಮುದುಕಿ ನಾನು, ಎರಡನ್ನೂ ಒಂದೇ ಕಿಟಕಿಯಲ್ಲಿ ಇಟ್ಟೆನಲ್ಲ! ಮಗಳೇ, ಒಂದು ಸಲ ಕೂಗ್ಬಾರದಿತ್ತಾ?" ಎಂದು ಅತ್ತರು. ಕುಮುದಿನಿ ಅವರ ಬೆನ್ನು ಸವರಿ ಸಮಾಧಾನ ಮಾಡಿದಳು. ಸುಟ್ಟದ್ದು ಒಬ್ಬರಿಗೆ, ಅತ್ತದ್ದು ಇನ್ನೊಬ್ಬರು.

ಅಂದೇ ಕೈಯ ಫೋಟೋ ಪುತ್ತೂರಿಗೆ ಹೋಯಿತು. ಚಿನ್ಮಯೀ ಕೂಡಲೇ ಕರೆ ಮಾಡಿದಳು. "ಎಂತ ಮಾಡಿಕೊಂಡ್ರಿ ಅಕ್ಕ! ಇನ್ನು ಆರು ತಿಂಗಳು ಸೂಜಿ ತಾಗಿಸ್ಲಿಕ್ಕಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ."

ಆಮೇಲೆ ಅವ್ವನ ಫೋನು. "ಊಟ ಆತಾ ಮಗಾ?" ಎಂದು ಶುರುಮಾಡಿ, ವಿಷಯ ಕೇಳಿ, ದನಿ ಇಳಿಸಿ ಹೇಳಿದರು. "ನೋಡು, ದೇವರೇ ದಾರಿ ತೋರಿಸಿದ. ಗೇರೆಣ್ಣೆ ಬಿದ್ದದ್ದು ಅಂದ್ರೆ ಆಯ್ತು. ಹಚ್ಚೆಯೂ ಬೇಡ."

"ಅವರಿಗೆ ಹೇಳಿದೆ ಅವ್ವ."

ಆ ಕಡೆಯಿಂದ ಮಡಿಕೇರಿ ರಸ್ತೆಯ ಲಾರಿಗಳ ಸದ್ದು ಮಾತ್ರ ಕೇಳುತ್ತಿತ್ತು.

ಮರುದಿನ ಗುರುವಾರ ತೀರ್ಥರಾಮ ಕೆಲಸಕ್ಕೆ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. "ರಜೆ ಹೇಳಿದ್ದಾನೆ, ಕಾರಣ ಹೇಳ್ಲಿಲ್ಲ" ಎಂದರು ಹಕೀಮ್ ಹಾಜಿ. ಕೈಗೆ ಬಟ್ಟೆ ಸುತ್ತಿಕೊಂಡು ಕುಮುದಿನಿ ಒಬ್ಬಳೇ ಕುಳಿತಳು. ತಾನೇ ಸೀಳಿ, ತಾನೇ ಇಳಿಸಿ, ಎಡಗೈಯಲ್ಲಿ ಹಿಡಿದು, ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಸುತ್ತಿದಳು. ಎರಡು ದಿನಕ್ಕೆ ಎಪ್ಪತ್ತು ಗಿಡ. ಗುರುವಾರ ಕಟ್ಟಿದವುಗಳಲ್ಲಿ ಹಲವು ಕಡ್ಡಿಗಳು ಶುಕ್ರವಾರ ಸಂಜೆಗೇ ಬಾಗಿದವು. ಹಚ್ಚೆ ಹಾಕಿಸಬೇಕಿದ್ದ ದಿನ ಹೀಗೆ ಹೋಯಿತು. ಅಂದು ಅವಳು ಹೊಟ್ಟೆ ತುಂಬ ಉಂಡಿದ್ದಳು, ನೀರು ಕುಡಿದಿದ್ದಳು, ಹಿಂದಿನ ದಿನ ನಿದ್ದೆಯನ್ನೂ ಮಾಡಿದ್ದಳು. ಮೈಯನ್ನು ಸಿದ್ಧಮಾಡಿ ಕೂತಿದ್ದಳು, ಹೋಗಲು ಜಾಗ ಇರಲಿಲ್ಲ ಅಷ್ಟೇ.

ಶನಿವಾರ ಬೆಳಿಗ್ಗೆ ಅವಳು ಬರುವಾಗ ತೀರ್ಥರಾಮ ತನ್ನ ಮಣೆಯ ಮೇಲಿದ್ದ. ಬಾಗಿದ ಕಡ್ಡಿಗಳನ್ನೆಲ್ಲ ತೆಗೆದು ಒಂದು ಕಡೆ ರಾಶಿ ಹಾಕಿದ್ದ. ಗಡ್ಡ ಬೆಳೆದಿತ್ತು.

"ಒಬ್ಬರೇ ಕಟ್ಟಿದ್ರಾ?"

"ಹೂಂ."

"ಒಬ್ಬರ ಕೆಲಸ ಅಲ್ಲ ಇದು."

"ಗೊತ್ತಾಯ್ತು."

ಅವನು ಚೂರಿಯನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಒರೆಸಿದ. "ಮೊದಲು ಮನೆಗೆ ಹೋಗಿ ಮಲಗಿದೆ. ನಿದ್ದೆ ಬರ್ಲಿಲ್ಲ. ನಿನ್ನೆ ಪುತ್ತೂರು ಸರಕಾರಿ ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸಿ ಕ್ಯೂನಲ್ಲಿ ನಿಂತೆ. ಡಾಕ್ಟರು, ನಿಮಗೆ ಎಂತ ತೊಂದರೆ ಅಂತ ಕೇಳಿದ್ರು."

"ಎಂತ ಹೇಳಿದ್ರಿ?"

"ಹೆದರಿಕೆ ಅಂದೆ."

ಕುಮುದಿನಿ ತಲೆ ಎತ್ತಿದಳು.

"ನಗಾಡಿದ್ರು. ಆಮೇಲೆ ಕೂರಿಸಿ ಎಲ್ಲ ಹೇಳಿದ್ರು. ಮದ್ದು ಶುರುಮಾಡಿದ ಕೂಡ್ಲೇ ಹರಡುದು ನಿಲ್ತದಂತೆ. ನಿಮ್ಮದು ಯಾವತ್ತೋ ಮುಗಿದ ಕತೆಯಂತೆ. ನನ್ನದೇ ಇನ್ನೂ ಗುಣ ಆಗ್ಬೇಕಂತೆ." ಅವನ ದನಿ ತಗ್ಗಿತು. "ಅವತ್ತು ನಾನು ಮೂರು ಸಲ ಕೈ ತೊಳ್ದೆ. ನೀವು ನೋಡಿದ್ರಿ."

"ನೋಡಿದೆ."

"ಗೇರೆಣ್ಣೆ ತಾಗಿತ್ತು, ಅದಕ್ಕೆ ತೊಳ್ದದ್ದು ಅಂತ ಹೇಳ್ಬಹುದು ನಾನು."

"ಹೇಳಿ."

"ಇಲ್ಲ. ಗೇರೆಣ್ಣೆಗೆ ಒಂದು ಸಲ ಸಾಕು."

ನೆಟ್ಟಿನ ತೂತುಗಳಿಂದ ಬಿಸಿಲು ಸಣ್ಣ ಸಣ್ಣ ಕಾಳುಗಳ ಹಾಗೆ ಅವರ ನಡುವೆ ಬಿದ್ದಿತ್ತು. ಕುಮುದಿನಿಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಆದರೆ ಒಂದು ವಿಷಯ ತಿಳಿಯಿತು. ಅವಳಿಗೂ ಒಂದು ಸುಳ್ಳು ಕೈಗೆ ಸಿಕ್ಕಿತ್ತು, ಅವನಿಗೂ ಸಿಕ್ಕಿತ್ತು. ಸುಳ್ಳು ಒಂದೇ, ಗೇರೆಣ್ಣೆಯದು. ಅವಳು ಅದನ್ನು ಕೆಳಗಿಟ್ಟ ಜಾಗದಲ್ಲೇ ಅವನೂ ತಂದು ಇಟ್ಟಿದ್ದ.

ಅವನು ಜೇಬಿನಿಂದ ಆಸ್ಪತ್ರೆಯ ಮುಲಾಮು ತೆಗೆದ. ಮಣೆ ಬಿಟ್ಟು ಎದ್ದು ಬಂದು ಅವಳ ಪಕ್ಕ ನೆಲದ ಮೇಲೆ ಕುಳಿತ. ಬಟ್ಟೆ ಬಿಚ್ಚಿ, ಹತ್ತಿಯಲ್ಲಿ ಮುಲಾಮು ತೆಗೆದು, ಹಸಿಗಾಯಕ್ಕೆ ಹಕ್ಕಿಯ ಗರಿ ತಾಗಿಸುವ ಹಾಗೆ ಒತ್ತಿದ. ಒತ್ತುವಾಗ ಅವನ ಬಾಯಿಯಿಂದ 'ಸ್ಸ್' ಎಂದು ಸದ್ದು ಬರುತ್ತಿತ್ತು.

"ನನಗೆ ಗೊತ್ತಾಗುದಿಲ್ಲ, ಹೆದರ್ಬೇಡಿ" ಎಂದಳು ಅವಳು.

"ನಿಮಗೆ ಗೊತ್ತಾಗುದಿಲ್ಲ ಅಂತಲೇ ಹೆದರಿಕೆ. ಬಿಸಿ ಪಾತ್ರೆ ಉಂಟು, ಕೆಂಜಿಗ ಉಂಟು, ಆಸ್ಯಮ್ಮನ ಬಾಟ್ಲಿ ಉಂಟು. ಅಲ್ಲಿಗೆ ಯಾರಾದ್ರೂ ಕಾವಲು ಬೇಡ್ವಾ?" ಅವನು ಕಣ್ಣೆತ್ತಲಿಲ್ಲ. "ನಿಮಗೆ ಮನಸ್ಸುಂಟಾದ್ರೆ ಆ ಕೆಲಸ ನನಗೆ ಕೊಡಿ. ಸಂಬಳ ಬೇಡ."

ಬಿಚ್ಚಿದ ಬಟ್ಟೆಯನ್ನು ಬಲಗೈಯಲ್ಲಿ ಅವನ ಕಡೆ ಚಾಚಿ ಅವಳು ಕೇಳಿದಳು. "ನಿಮ್ಮ ಅಮ್ಮನಿಗೆ?"

"ಅದು ನೀವೇ ಹೇಳ್ಬೇಕಾದ್ದು. ನಾನು ಹೇಳಿದ್ರೆ ದೂರು ಕೊಟ್ಟ ಹಾಗೆ ಆಗ್ತದೆ. ಪಕ್ಕದಲ್ಲಿ ಕೂರ್ತೇನೆ ಬೇಕಾದ್ರೆ."

ಮರುದಿನ ಆದಿತ್ಯವಾರ ಇಬ್ಬರೂ ಆಲಂಕಾರಿಗೆ ಹೋದರು. ತೀರ್ಥರಾಮನ ತಾಯಿ ಅವಲಕ್ಕಿ ಕಲಸಿ ಮುಂದಿಟ್ಟು, ಕುಮುದಿನಿ ಹೇಳುವುದನ್ನೆಲ್ಲ ತಲೆ ಓರೆಮಾಡಿ ಕೇಳಿದರು. ಕೊನೆಗೆ "ಗುಣ ಆಗಿದೆ ಅಂತ ಡಾಕ್ಟರು ಹೇಳಿದ್ದಾರಲ್ಲ?" ಎಂದರು.

"ಹೌದು."

"ಮತ್ತೆಂತ? ನನ್ನ ಈ ಎಡಕಿವಿ ಹುಟ್ಟಿದಾಗಿಂದ ಕೇಳುದಿಲ್ಲ. ನಾವು ನಿಮ್ಮ ಮನೆಗೆ ಬಂದಾಗ ಅದನ್ನು ಹೇಳಿದ್ವಾ?" ಎಂದು ಇನ್ನಷ್ಟು ಅವಲಕ್ಕಿ ಬಡಿಸಿದರು. ಆಮೇಲೆ ಎದ್ದು ದೇವರ ಕೋಣೆಗೆ ಹೋಗಿ ಬಹಳ ಹೊತ್ತು ಕೈಮುಗಿದು ನಿಂತರು. ಹೆದರಿಕೆ ಅವರಿಗೂ ಇತ್ತು. ಅದನ್ನು ಇಡಬೇಕಾದ ಕಡೆ ಇಟ್ಟು ಬಂದರು.

ಮದುವೆಯ ದಿನ ಕುಮುದಿನಿಯ ತೋಳು ಹಚ್ಚೆಯಿಲ್ಲದೆ ಬರಿದಾಗಿಯೇ ಇತ್ತು. ಮದರಂಗಿ ಹಾಕಿದ ಹೆಂಗಸರು ಕಲೆ ನೋಡಿ "ಗೇರೆಣ್ಣೆಯಾ?" ಎಂದು ಕೇಳಿದರು. "ಗೇರೆಣ್ಣೆ" ಎಂದಳು. ಅದು ನಿಜವೇ. ಉಳಿದದ್ದು ತಿಳಿಯಬೇಕಾದವರಿಗೆ ತಿಳಿದಿತ್ತು. ಧಾರೆಯ ನೀರು ಅಂಗೈಯಿಂದ ಜಾರಿ ತೋಳಿನುದ್ದಕ್ಕೆ ಹರಿಯಿತು. ಮಣಿಕಟ್ಟಿನ ತನಕ ತಣ್ಣಗಿತ್ತು. ಆಮೇಲೆ ನೀರು ಎಲ್ಲೋ ಮಾಯವಾಗಿ, ಮೊಣಕೈಯ ಹತ್ತಿರ ಮತ್ತೆ ತಣ್ಣಗೆ ಎದ್ದು ಬಂತು.

ಹಚ್ಚೆಯ ಮಾತು ಮತ್ತೆ ಬಂದದ್ದು ಕಾರ್ತಿಕ ಮಾಸದಲ್ಲಿ. ಗಾಯ ಮಾಗಿತ್ತು, ಡಾಕ್ಟರು ಇನ್ನೊಮ್ಮೆ ಒಪ್ಪಿದ್ದರು. ಚಿನ್ಮಯೀ ಹೊಸ ದಿನ ಕೊಟ್ಟಳು. ಚೀಟಿ ಹಳೆಯದೇ. ಈ ಸಲದ ಹದಿನೈದು ದಿನದ ಎಣ್ಣೆಯನ್ನು ತೀರ್ಥರಾಮ ತಾನೇ ಗಾಣದಿಂದ ತಂದು, ತನ್ನ ನಾಲಗೆಗೆ ಒಂದು ತೊಟ್ಟು ಹಾಕಿ ನೋಡಿ, ಆಮೇಲೆ ಬಾಟ್ಲಿಗೆ ತುಂಬಿಸಿದ.

ಹದಿನೈದನೆಯ ದಿನ ಬೆಳಿಗ್ಗೆ ಅತ್ತೆ ಕುಚ್ಚಲಕ್ಕಿ ಗಂಜಿಗೆ ತುಪ್ಪ ಹಾಕಿ ಉಣ್ಣಿಸಿದರು. ಕುಮುದಿನಿ ಜಗಲಿಯಲ್ಲಿ ಕೈ ಚಾಚಿ ಕುಳಿತಳು. ತೀರ್ಥರಾಮ ಎದುರು ಕುಳಿತ, ನರ್ಸರಿಯ ಮಣೆಗಳ ಮೇಲೆ ಕೂರುವ ಹಾಗೆಯೇ.

"ಎಲೆ ಹಾಕಿ ಮುಚ್ಚಿಸುದು ಬೇಡ ಅಂತ ಚಿನ್ಮಯೀಗೆ ಹೇಳಿದ್ದೇನೆ" ಎಂದಳು ಅವಳು.

"ಮತ್ತೆ?"

"ಅಂಚಿಗೆ ಒಂದು ಗೆರೆ ಸಾಕು. ಸುತ್ತಲೂ. ಒಳಗೆ ಇದ್ದ ಹಾಗೇ ಇರ್ಲಿ."

"ಅಂಚಲ್ಲಿ ಸೂಜಿ ತಾಗಿದ್ರೆ ನೋವಾಗ್ತದಲ್ಲ! ಒಳಗಾದ್ರೆ ನಿಮಗೆ ಗೊತ್ತೇ ಆಗುದಿಲ್ಲ."

"ಗೊತ್ತಾಗ್ಲಿ." ಕಲೆಯ ಅಂಚಿನ ಮೇಲೆ ಬೆರಳಾಡಿಸಿ ಹೇಳಿದಳು. "ನನ್ನ ಅಜ್ಜಿಯ ಕೈಯಲ್ಲಿ ಐದು ಚುಕ್ಕಿ ಹಚ್ಚೆ ಇತ್ತು. ಹೋಗುವಾಗ ಚಿನ್ನ ಕಳಚಿ ಇಟ್ಕೊಳ್ತಾರೆ, ಹಚ್ಚೆ ಮಾತ್ರ ನಮ್ಮ ಜೊತೆಗೆ ಬರ್ತದೆ ಅಂತಿದ್ರು. ಮೇಲೆ ಹೋದ ಮೇಲೆ, ಎಂತ ತಂದೆ ಅಂತ ಕೇಳಿದ್ರೆ ಕೈ ತೋರಿಸುದಂತೆ. ನಾನು ಮುಚ್ಚಿದ್ದನ್ನು ತೋರಿಸ್ಲಾ?"

ಅವನು ಎಣ್ಣೆಯಲ್ಲಿ ಬೆರಳದ್ದಿ "ಕಣ್ಣು ಮುಚ್ಚಿ" ಎಂದ. ಇದು ಅವರ ದಿನದ ಆಟ.

ಅವಳು ಕಣ್ಣು ಮುಚ್ಚಿದಳು. ಮಣಿಕಟ್ಟಿನ ಮೇಲೆ ಅವನ ಬೆರಳು ಬಂತು. ಬೆಚ್ಚಗೆ, ಒರಟಾಗಿ, ಮೆಲ್ಲಗೆ ಮೇಲೇರಿತು. ಗಡಿಯ ಹತ್ತಿರ ಒಂದು ಕ್ಷಣ ನಿಂತು ಒಳಗೆ ಹೋಯಿತು. ಹೋದದ್ದೇ, ಇಲ್ಲ. ಕತ್ತಲ ಸುರಂಗಕ್ಕೆ ಹೊಕ್ಕ ರೈಲಿನ ಹಾಗೆ ಅವನು ಇಲ್ಲ.

"ಈಗ ಎಲ್ಲಿದ್ದೇನೆ?"

"ಗೊತ್ತಿಲ್ಲ."

"ಈಗ?"

"ಗೊತ್ತಿಲ್ಲ."

ಮೊದಲೆಲ್ಲ ಆ ಗೊತ್ತಿಲ್ಲದ ಜಾಗದಲ್ಲಿ ಅವಳು ಏನನ್ನೂ ಕಾಯುತ್ತಿರಲಿಲ್ಲ. ಈಗ ಉಸಿರು ಹಿಡಿದು ಗಡಿಯ ಆಚೆ ಬದಿಯಲ್ಲಿ ಕುಳಿತಿದ್ದಳು, ಪುತ್ತೂರಿನ ಬಸ್ಸಿಗೆ ತಡವಾಗುತ್ತಿದ್ದರೂ, ಒಳಗೆ ಹೋದವರು ಬರುತ್ತಾರೆ ಎಂದು ಗೊತ್ತಿದ್ದವರ ಹಾಗೆ.

ಮೊಣಕೈಯ ಕೆಳಗೆ, ಅಂಚಿನಲ್ಲಿ, ಬೆಚ್ಚಗೆ ಏನೋ ತಾಗಿತು.

"ಬಂದ್ರಿ" ಎಂದಳು ಕುಮುದಿನಿ.